ಸಿಂಗಾಪುರಕ್ಕೆ ಹೊರಟು ಬೆಳ್ತಂಗಡಿಯಲ್ಲಿ ಇಳಿದದ್ದು

ಚಿಕ್ಕಮ್ಮನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಹಾಗಾಗಿ ಅವಳು ಬಸುರಿ ಎಂದು ಸಿಂಗಾಪುರದಿಂದ ಕಾಗದ ಬಂದಾಗ ಅಮ್ಮ ಅದನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದಳು. ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ. ಅವಳ ಗಂಡ ಅಲ್ಲಿಯ ಬಂದರಿನ ಒಂದು ಗೋದಾಮಿನಲ್ಲಿ ಗುಮಾಸ್ತರಾಗಿದ್ದರು. ಅಜ್ಜಿ ತೀರಿಹೋಗಿದ್ದರಿಂದ ತಂಗಿಯ ಬಾಣಂತನಕ್ಕೆ ಅಕ್ಕನಲ್ಲದೆ ಇನ್ನು ಯಾರು ಹೋಗಬೇಕು? ಚಿಕ್ಕಮ್ಮ ಬರೆದದ್ದೂ ಅದನ್ನೇ. ಟಿಕೇಟು ನಾವು ಮಾಡಿಸುತ್ತೇವೆ, ಅಕ್ಕ ಬರಲಿ, ಒಬ್ಬಳೇ ಎಂದರೆ ಹೆದರುತ್ತಾಳೆ, ಮಗಳನ್ನೂ ಕರೆದುಕೊಂಡು ಬರಲಿ.

ಮಗಳೆಂದರೆ ನಾನು. ಆಗ ನಾನು ಬಂಟ್ವಾಳ ಪೇಟೆಯ ಒಂದು ಎಲಿಮೆಂಟರಿ ಶಾಲೆಯಲ್ಲಿ ಟೀಚರು. ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಹೆಚ್ಚು ಸಮಯವಾಗಿರಲಿಲ್ಲ. ಅಪ್ಪ ಅದೇ ಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಐವತ್ತರ ದಶಕದ ನಡುಭಾಗ ಅದು. ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ಬೊಂಬಾಯಿಗೆ ಹೋಗಿ ಹೋಟೆಲು ಸೇರಿದವರು ನಮ್ಮ ಬೀದಿಯಲ್ಲಿ ಎಷ್ಟೋ ಮಂದಿ ಇದ್ದರು. ಹಡಗು ಹತ್ತಿ ಹೊರಟ ಹೆಂಗಸರು ಮಾತ್ರ ಯಾರೂ ಇರಲಿಲ್ಲ. ಅಮ್ಮ ಮಂಗಳೂರಿನಿಂದ ಆಚೆಗೆ ಕಾಲಿಟ್ಟವಳೇ ಅಲ್ಲ.

ಸುದ್ದಿಯನ್ನು ನಾವೇ ಹಬ್ಬಿಸಿದೆವು. ಅಪ್ಪನಿಗೆ ಹೇಳಿಕೊಳ್ಳದೆ ಇರಲಾಗಲಿಲ್ಲ. ಕಚೇರಿಗೆ ಬಂದವರಿಗೆಲ್ಲ, ‘ಮನೆಯವಳು, ಮಗಳು ಸಿಂಗಾಪುರಕ್ಕೆ ಹೋಗುವವರಿದ್ದಾರೆ’ ಎಂದು ಮಾತಿನ ನಡುವೆ ಹೇಗಾದರೂ ಸೇರಿಸುತ್ತಿದ್ದರು. ನಾನೂ ಕಡಿಮೆಯಿರಲಿಲ್ಲ. ಶಾಲೆಯ ಕರಿಹಲಗೆಯ ಮೇಲೆ ಮಲಯಾ ದೇಶವನ್ನು ಉದ್ದಕ್ಕೆ ಬರೆದು, ಅದರ ತುದಿಯಲ್ಲಿ ಚುಕ್ಕೆ ಇಟ್ಟು, ‘ಇಲ್ಲಿಗೆ’ ಎಂದು ಮಕ್ಕಳಿಗೆ ತೋರಿಸಿದ್ದೆ.

ನಮಗೆ ದಾರಿ ಹೇಳಿಕೊಟ್ಟವರು ಪಾಣೆಮಂಗಳೂರಿನಲ್ಲಿ ಕೊಡೆಯ ಅಂಗಡಿ ಇಟ್ಟಿದ್ದ ಒಬ್ಬ ಬ್ಯಾರಿ ಸಾಹೇಬರು. ಯುದ್ಧಕ್ಕೆ ಮುಂಚೆ, ಪ್ರಾಯದಲ್ಲಿ, ಅವರು ಸಿಂಗಾಪುರದ ಒಂದು ಜವಳಿ ಅಂಗಡಿಯಲ್ಲಿ ಕೆಲವು ವರ್ಷ ಇದ್ದವರು. ಅಪ್ಪ ಕೇಳಿಕೊಂಡದ್ದರಿಂದ ಸೇತುವೆ ದಾಟಿ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತರು. ಅಮ್ಮ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

“ಸೆಖೆಗೆ ಹೆದರಬೇಡಿ ಅಕ್ಕ. ನಮ್ಮ ಬೇಸಗೆಯೇ ಅಲ್ಲಿ ವರ್ಷವಿಡೀ ಉಂಟು. ಮಳೆ ಹೇಳದೆ ಕೇಳದೆ ಬರ್ತದೆ, ಕೊಡೆ ಕೈಯಲ್ಲಿರ್ಬೇಕು. ಮೀನು ಬೇಕಾದಷ್ಟು, ತೆಂಗಿನಕಾಯಿಯೂ ಸಿಗ್ತದೆ. ಆದರೆ ಪೇಟೆ ಅಂದರೆ ಪೇಟೆ! ಬಸ್ಸು ಮೇಲಿನ ತಂತಿ ಹಿಡ್ಕೊಂಡು ಓಡ್ತದೆ.”

“ತಂತಿ ತಪ್ಪಿದರೆ?” ಅಮ್ಮ ಬಾಗಿಲ ಹಿಂದಿನಿಂದಲೇ ಕೇಳಿದಳು.

“ತಪ್ಪಿದರೆ ನಿಲ್ತದೆ. ಕಂಡಕ್ಟರು ಇಳಿದು ಉದ್ದದ ಕೋಲಿನಲ್ಲಿ ಮತ್ತೆ ಸಿಕ್ಕಿಸ್ತಾನೆ. ನೀವು ಕೂತಲ್ಲೇ ಕೂತಿರಿ.”

ಅಮ್ಮ ಅದನ್ನು ದೊಡ್ಡ ಪಾಠವೆಂಬಂತೆ ನೆನಪಿಟ್ಟುಕೊಂಡಳು. ಸಾಹೇಬರು ಹೇಳಿದರೆಂದು ಅವಳಿಗೆ ಚಪ್ಪಲಿ ತಂದದ್ದಾಯಿತು. ಜೀವಮಾನದಲ್ಲಿ ಚಪ್ಪಲಿ ಮೆಟ್ಟದವಳು ಸಂಜೆ ಹೊತ್ತು, ಯಾರೂ ಕಾಣದ ಹಾಗೆ, ಬಾವಿಕಟ್ಟೆಯ ಸುತ್ತ ನಡೆದು ಅಭ್ಯಾಸ ಮಾಡಿದಳು. ಚಮಚದಲ್ಲಿ ಉಣ್ಣುವುದನ್ನೂ ಕಲಿತೆವು. ಕುಚ್ಚಲಕ್ಕಿ ಗಂಜಿಗೆ ಚಮಚ ಹಾಕಿ ಕುಳಿತ ನಮ್ಮನ್ನು ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡಿ ನಕ್ಕದ್ದುಂಟು. ನನಗೆ ಮೈಯೆಲ್ಲ ಕುಗ್ಗಿಹೋಯಿತು, ಅಮ್ಮನಿಗೆ ಏನೂ ಆಗಲಿಲ್ಲ. “ನಾಳೆ ಅಲ್ಲಿ ನಗುವುದಕ್ಕಿಂತ ಇವತ್ತು ಇಲ್ಲಿ ನಗಲಿ” ಎಂದು ಉಣ್ಣುವುದನ್ನು ಮುಂದುವರಿಸಿದಳು.

ಆ ದಿನಗಳಲ್ಲಿ ಮೂಡಬಿದ್ರೆಯ ಒಂದು ಮನೆಯಿಂದ ನನಗೆ ಸಂಬಂಧದ ಮಾತು ಬಂದಿತ್ತು. ಹುಡುಗ ಹೈಸ್ಕೂಲು ಮಾಸ್ತರು. ನಮ್ಮ ಪ್ರಯಾಣದ ಸುದ್ದಿ ಕೇಳಿ ಅವರಿಗೆ ಖುಷಿಯೇ ಆಯಿತು. “ಸಿಂಗಾಪುರ ನೋಡಿ ಬರಲಿ, ಮತ್ತೆ ಕೂತು ಮಾತಾಡುವ. ನಮಗೇನೂ ಅವಸರ ಇಲ್ಲ” ಎಂದು ಹೇಳಿ ಕಳಿಸಿದರು. ಹುಡುಗನನ್ನು ನಾನು ಒಮ್ಮೆ ನೋಡಿದ್ದೆ. ಬೇಡ ಎನ್ನುವ ಮನಸ್ಸು ನನಗಿರಲಿಲ್ಲ.

ಹೊರಡುವ ವಾರ ದಿನಕ್ಕೊಂದು ಮನೆಯಲ್ಲಿ ಊಟ. ಉಂಡ ಮೇಲೆ ಒಬ್ಬೊಬ್ಬರದು ಒಂದೊಂದು ಬೇಡಿಕೆ. ಒಬ್ಬರಿಗೆ ಹೂವಿನ ಕೊಡೆ, ಇನ್ನೊಬ್ಬರಿಗೆ ಟಾರ್ಚು, ಅಂಚೆ ಮಾಸ್ತರರಿಗೆ ಅಲ್ಲಿಯ ಸ್ಟಾಂಪು. ಅಪ್ಪ ಹೊಸ ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ, ಇಂಗ್ಲಿಷಿನಲ್ಲಿ, ಸಿಂಗಾಪುರ ಎಂದು ದೊಡ್ಡದಾಗಿ ಬರೆದರು. ಶಾಲೆಯಲ್ಲಿ ನನಗೊಂದು ಸಭೆಯೂ ಆಯಿತು. ಹೆಡ್‌ಮಾಸ್ತರರು ನನ್ನನ್ನು ‘ನಮ್ಮ ಪೇಟೆಯ ಹೆಮ್ಮೆ’ ಎಂದರು. ಬಸ್ಸಿನ ಹತ್ತಿರ ನಮಗಿಬ್ಬರಿಗೂ, ಮದ್ರಾಸಿನ ತನಕ ಬಿಡಲು ಹೊರಟಿದ್ದ ಅಪ್ಪನಿಗೂ ಮಲ್ಲಿಗೆ ಹಾರ ಹಾಕಿದರು. ಬಸ್ಸು ಹೊರಟಾಗ ಮಕ್ಕಳು ಸ್ವಲ್ಪ ದೂರ ಹಿಂದೆಯೇ ಓಡಿ ಬಂದರು.

ಇಷ್ಟೆಲ್ಲ ಆಗುವಾಗ ನನ್ನ ಕಣ್ಣು ಕೆಂಪಾಗಿಯೇ ಇತ್ತು. ಬೆಳಿಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡಿರುತ್ತಿತ್ತು, ಒಳಗೆ ಮರಳು ಹೊಕ್ಕಂತೆ ಚುಚ್ಚುತ್ತಿತ್ತು. ಬಹಳ ಕಾಲದಿಂದ ಹಾಗೇ ಇದ್ದದ್ದರಿಂದ ಯಾರಿಗೂ ಅದು ಕಾಯಿಲೆ ಎಂದು ಕಾಣಲಿಲ್ಲ. ಹಸಿ ಸೌದೆಯ ಹೊಗೆ ಎಂದು ಅಮ್ಮ ನಂದಿಬಟ್ಟಲು ಹೂವನ್ನು ನೀರಿನಲ್ಲಿ ಹಾಕಿಟ್ಟು ಆ ನೀರಿನಿಂದ ತೊಳೆಯುತ್ತಿದ್ದಳು. ಸಿಡುಬಿನ ಮತ್ತು ಕಾಲರಾದ ಸೂಜಿ ಚುಚ್ಚಿದವರೂ ತೋಳು ನೋಡಿದರೇ ಹೊರತು ಕಣ್ಣು ನೋಡಲಿಲ್ಲ.

ಕಣ್ಣು ನೋಡಿದ್ದು ಮದ್ರಾಸಿನ ಬಂದರಿನಲ್ಲಿ. ತಗಡಿನ ಮಾಡಿನ ಉದ್ದದ ಶೆಡ್ಡು. ಹೆಂಗಸರದ್ದೇ ಬೇರೆ ಸಾಲು. ಆಚೆ ಹಡಗು ನಿಂತಿತ್ತು. ಅದು ಇಷ್ಟು ದೊಡ್ಡದಿರುತ್ತದೆಂದು ನಾನು ಎಣಿಸಿರಲಿಲ್ಲ. ನಮ್ಮ ಪೇಟೆಯ ಬೀದಿಯನ್ನೇ ಎತ್ತಿ ನೀರಿನ ಮೇಲೆ ಇಟ್ಟ ಹಾಗಿತ್ತು. ಅಪ್ಪ ಬೇಲಿಯ ಹೊರಗೆ ನಿಂತು ಕೈ ಬೀಸುತ್ತಿದ್ದರು. ಡಾಕ್ಟರು ಅಮ್ಮನ ಕಣ್ಣಿನ ರೆಪ್ಪೆ ಮಗುಚಿ ನೋಡಿ ಸರಿ ಎಂದರು. ನನ್ನದನ್ನು ಮಗುಚಿ ನೋಡಿದರು, ಮತ್ತೆ ನೋಡಿದರು, ಪಕ್ಕದಲ್ಲಿದ್ದ ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು. ನನ್ನ ಹಿಂದೆ ನಿಂತಿದ್ದ ಹೆಂಗಸು ತನ್ನ ಮಗುವನ್ನು ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಆ ಹೆಜ್ಜೆಯ ಸಪ್ಪಳ ನನಗೆ ಈಗಲೂ ಕೇಳಿಸುತ್ತದೆ.

“ಟ್ರಕೋಮಾ. ಅಂಟುವ ಕಾಯಿಲೆ. ಹಡಗು ಹತ್ತುವ ಹಾಗಿಲ್ಲ” ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ಸಿಟ್ಟಿನಿಂದಲ್ಲ, ಬೇಸರದಿಂದಲೇ ಹೇಳಿದರು. ಮದ್ದು ಮಾಡಿಸಿ ಗುಣವಾದ ಮೇಲೆ ಬರಬಹುದು, ತಾಯಿ ಈಗಲೇ ಹೋಗಬಹುದು ಎಂದೂ ಸೇರಿಸಿದರು.

ನಾನು ಅಮ್ಮನಿಗೆ ತುಳುವಿನಲ್ಲಿ ಹೇಳಿದೆ. ಅವಳು ಡಾಕ್ಟರಿಗೆ ಕೈಮುಗಿದು, “ಹೊಗೆ ಡಾಕ್ಟ್ರೇ, ಅಡಿಗೆಮನೆಯ ಹೊಗೆ. ಇವಳಿಗೆ ಕಾಯಿಲೆ ಗೀಯಿಲೆ ಏನೂ ಇಲ್ಲ” ಎಂದು ತುಳುವಿನಲ್ಲೇ ಬೇಡಿಕೊಂಡಳು. ಅಲ್ಲಿ ಯಾರಿಗೂ ಅದು ಅರ್ಥವಾಗಲಿಲ್ಲ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನಾನು ಸೆರಗಿನಿಂದ ಕಣ್ಣು ಮುಚ್ಚಿಕೊಂಡೆ; ಅಳು ಬಂದದ್ದಕ್ಕಲ್ಲ, ಕಣ್ಣು ಯಾರಿಗೂ ಕಾಣದಿರಲೆಂದು.

“ನೀನು ಹೋಗಮ್ಮ. ಚಿಕ್ಕಮ್ಮ ಕಾಯ್ತಾ ಇರ್ತಾಳೆ” ಎಂದೆ.

“ನೀನಿಲ್ಲದೆ ನಾನು ಹೋಗಿ? ಬಸ್ಸಿನ ಬೋರ್ಡು ಓದುವುದಕ್ಕೆ ಬರುವುದಿಲ್ಲ ನನಗೆ” ಎಂದು ಅವಳು ಟ್ರಂಕಿನ ಮೇಲೆ ಕುಳಿತುಬಿಟ್ಟಳು. ನಾನೂ, ಬೇಲಿಯ ಆಚೆಯಿಂದ ಅಪ್ಪನೂ ಎಷ್ಟು ಹೇಳಿದರೂ ಏಳಲಿಲ್ಲ. ಹಡಗು ಕೂಗಿಕೊಂಡು ಹೊರಟುಹೋಯಿತು. ಅಪ್ಪ ಸಿಂಗಾಪುರಕ್ಕೆ ತಂತಿ ಕಳಿಸಿದರು. ಬರುವುದಿಲ್ಲ, ವಿವರಕ್ಕೆ ಕಾಗದ ಬರೆಯುತ್ತೇವೆ, ಅಷ್ಟೇ.

ವಾಪಸು ಮಂಗಳೂರಿನ ರೈಲು ಹತ್ತಿದೆವು. ಪಾಲ್ಘಾಟ್ ದಾಟಿದ ಮೇಲೆ ಅಪ್ಪ, “ಬಂಟ್ವಾಳದಲ್ಲಿ ಇಳಿದು ಮುಖ ತೋರಿಸುವುದು ಹೇಗೆ?” ಎಂದರು. ಅವರ ಕೊರಳಿಗೆ ಹಾಕಿದ ಹಾರ ಬಾಡಿ ಇನ್ನೂ ಎರಡು ದಿನವಾಗಿರಲಿಲ್ಲ. “ಹುಡುಗಿಗೆ ಅಂಟುಕಾಯಿಲೆ ಅಂತ ಗೊತ್ತಾದರೆ ಮೂಡಬಿದ್ರೆಯವರು ಏನು ಹೇಳ್ತಾರೆ?”

ಬೆಳ್ತಂಗಡಿಯಲ್ಲಿ ಅಮ್ಮನ ಅಣ್ಣನ ಮನೆ. ಪೇಟೆಯಿಂದ ಸ್ವಲ್ಪ ಒಳಗೆ, ಗದ್ದೆ ದಾಟಿ ಹೋಗಬೇಕು. ಕಣ್ಣು ಗುಣವಾಗುವ ತನಕ ನಾವಿಬ್ಬರೂ ಅಲ್ಲಿರುವುದು, ಅಪ್ಪ ಒಬ್ಬರೇ ಮನೆಗೆ ಹೋಗಿ ಹಡಗು ಹತ್ತಿಸಿ ಬಂದೆ ಎನ್ನುವುದು ಎಂದು ತೀರ್ಮಾನವಾಯಿತು. ಮಂಗಳೂರಿನಿಂದ ಬೆಳ್ತಂಗಡಿಗೆ ನೇರ ದಾರಿ ಬಂಟ್ವಾಳದ ಮೇಲೆಯೇ. ಅಲ್ಲಿ ಬಸ್ಸಿನ ಕಿಟಕಿಯಲ್ಲಿ ಯಾರಾದರೂ ಕಂಡರೆ? ಅದಕ್ಕೆ ಮೂಡಬಿದ್ರೆಯ ಮೇಲೆ ಸುತ್ತು ಹೊಡೆದು ಹೋಗುವ ಬಸ್ಸು ಹತ್ತಿದೆವು. ಮೂಡಬಿದ್ರೆಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಅಲ್ಲಿಯೂ ನಮ್ಮನ್ನು ಗುರುತು ಹಿಡಿಯಬಾರದವರಿದ್ದರಲ್ಲ. ನಾನೂ ಅಮ್ಮನೂ ಸೆರಗನ್ನು ಹಣೆಯ ತನಕ ಎಳೆದುಕೊಂಡು ತಲೆ ತಗ್ಗಿಸಿ ಕುಳಿತೆವು. ಕಡ್ಲೆ ಮಾರುವವನು ಕಿಟಕಿಯ ಹತ್ತಿರ ಬಂದು ಕೂಗಿದಾಗಲೂ ನಾನು ಸೀಟಿನಲ್ಲಿ ಇನ್ನಷ್ಟು ಕೆಳಗೆ ಸರಿದೆ. ಏನು ಕದ್ದಿದ್ದೆವೆಂದು ಹಾಗೆ ಅಡಗಿದೆವೋ.

ಮಾವ ಒಂದು ಮಾತೂ ಕೇಳದೆ ಒಳಗೆ ಕರೆದುಕೊಂಡರು. ಅತ್ತೆ ಒಳ್ಳೆಯವಳೇ, ಆದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಚಿಕ್ಕಮ್ಮನಿಗೆಂದು ಕಟ್ಟಿದ್ದ ಹಪ್ಪಳ, ಉಪ್ಪಿನಕಾಯಿ, ಬಾಣಂತಿಯ ಲೇಹ್ಯ ಎಲ್ಲ ಆ ಮನೆಯಲ್ಲೇ ಬಿಚ್ಚಿದೆವು. ಊಟಕ್ಕೆ ಕುಳಿತಾಗ ಅತ್ತೆ, “ಸಿಂಗಾಪುರಕ್ಕೆ ಹೊರಟ ಹಪ್ಪಳ ನಮಗಾದರೂ ಸಿಕ್ಕಿತಲ್ಲ” ಎನ್ನುತ್ತಿದ್ದಳು. ಮಾವ ಕಣ್ಣು ಬಿಡುತ್ತಿದ್ದರು. ನನ್ನ ತಟ್ಟೆ, ಲೋಟ, ಮುಖ ಒರೆಸುವ ಬಟ್ಟೆ ಬೇರೆ. ಅಲ್ಲಿಯ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕೊಟ್ಟ ಹಳದಿ ಮುಲಾಮನ್ನು ಮಾವ ತಂದುಕೊಡುತ್ತಿದ್ದರು, ಅಮ್ಮ ಹಚ್ಚುತ್ತಿದ್ದಳು. ಮುಲಾಮು ಹಚ್ಚಿದ ಕಣ್ಣಿಗೆ ಎಲ್ಲವೂ ಮಸುಕು. ನೋಡಬೇಕಾದದ್ದು ಏನೂ ಇರಲಿಲ್ಲವಾದ್ದರಿಂದ ಅದೇ ಒಳ್ಳೆಯದೆನಿಸುತ್ತಿತ್ತು.

ಅಪ್ಪ ಭಾನುವಾರ ಯಾರಿಗೂ ತಿಳಿಯದ ಹಾಗೆ ಬಂದು ಹೋಗುತ್ತಿದ್ದರು. ಮೊದಮೊದಲು, ‘ಕೇಳಿದವರಿಗೆ ಹಡಗು ಹತ್ತಿದರು ಅಂತ ಹೇಳಿದ್ದೇನೆ’ ಎಂದಷ್ಟೇ ಹೇಳಿದರು. ಜನ ಅಷ್ಟಕ್ಕೆ ಬಿಡಬೇಕಲ್ಲ? ಸಮುದ್ರ ಹೇಗಿತ್ತಂತೆ, ವಾಂತಿಯಾಯಿತಾ, ಅಲ್ಲಿ ಏನೆಲ್ಲ ನೋಡಿದರು ಎಂದು ಕೇಳುತ್ತಿದ್ದರು. ಅಪ್ಪ ಹೇಳುತ್ತ ಹೋದರು. ಒಂದು ಭಾನುವಾರ ಚಿಕ್ಕಮ್ಮನಿಗೆ ಗಂಡು ಮಗು ಆಗಿದೆಯೆಂದು ಬಂದ ತಂತಿಯನ್ನು ಹಿಡಿದುಕೊಂಡು ಬಂದರು. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು.

“ಅಂಚೆ ಮಾಸ್ತರರು ಮೊದಲೇ ಓದಿ ಎಲ್ಲರಿಗೂ ಹೇಳಿದ್ದಾರೆ” ಅಪ್ಪ ಹೇಳಿದರು. “ಮಗುವಿಗೆ ಮೊದಲ ಸ್ನಾನ ಮಾಡಿಸಿದ್ದು ನೀನೇ ಅಂತ ನಾನು ಹೇಳಿಬಿಟ್ಟೆ.”

ಅಮ್ಮ ತಲೆಯೆತ್ತಿ ಅವರನ್ನು ನೋಡಿದಳು. “ಹಾಗೆ ಯಾಕೆ ಹೇಳಿದಿರಿ?”

“ಮತ್ತೆ ಏನು ಹೇಳುವುದು?”

ಅವಳು ಎದ್ದು ಒಳಗೆ ಹೋದಳು. ಅಪ್ಪ ತಮ್ಮ ಬೆರಳುಗಳನ್ನು ನೋಡುತ್ತ ಕುಳಿತರು. ಆ ಇಬ್ಬರ ನಡುವೆ ಕುಳಿತ ನನಗೆ ಈ ಕಣ್ಣನ್ನು ಕಿತ್ತು ಎಸೆಯಬೇಕೆನಿಸಿತು.

ಬೆಳ್ತಂಗಡಿಯ ವಾರದ ಸಂತೆಗೆ ನಾವು ಹೋಗುತ್ತಿರಲಿಲ್ಲ. ಬಂಟ್ವಾಳದ ಕಡೆಯವರೂ ಬರುತ್ತಾರೆಂಬ ಹೆದರಿಕೆ. ಆದರೆ ಒಂದು ಸಂತೆಯ ದಿನ ಅತ್ತೆಗೆ ಮೈ ಸರಿಯಿರಲಿಲ್ಲ, ಮಾವ ಬೇರೆ ಊರಿಗೆ ಹೋಗಿದ್ದರು. ಮನೆಯಲ್ಲಿ ಮೆಣಸು, ಉಪ್ಪು ಮುಗಿದಿತ್ತು. “ತಲೆಗೆ ಸೆರಗು ಹಾಕ್ಕೊಂಡು ಹೋಗಿ ಬರುವ” ಎಂದಳು ಅಮ್ಮ. ಮೆಣಸು ಕೊಂಡು ತಿರುಗಿದರೆ ಎದುರಿಗೇ ಕೊಡೆಯ ರಾಶಿ, ಅದರ ಹಿಂದೆ ಪಾಣೆಮಂಗಳೂರಿನ ಸಾಹೇಬರು. ಮಳೆಗಾಲ ಹತ್ತಿರ ಬಂದಿದ್ದರಿಂದ ಸಂತೆಗಳಿಗೆ ಕೊಡೆ ತಂದು ಮಾರುತ್ತಿದ್ದರಂತೆ. ಅದು ನಮಗೆ ಗೊತ್ತಿರಲಿಲ್ಲ.

ಅವರು ನಮ್ಮನ್ನು ಕಂಡರು. “ಅಕ್ಕ…” ಎಂಬ ಮಾತು ಅವರ ಬಾಯಿಯಿಂದ ಅರ್ಧ ಹೊರಬಂದಿತ್ತು. ಅಮ್ಮನ ಮುಖ, ನನ್ನ ಕಣ್ಣಿನ ಸುತ್ತ ಮೆತ್ತಿದ್ದ ಮುಲಾಮು ಎರಡನ್ನೂ ನೋಡಿದರು. ಆಮೇಲೆ ಕೊಡೆಯೊಂದನ್ನು ಬಿಚ್ಚಿ, ನಮ್ಮ ಮತ್ತು ಸಂತೆಯ ಜನರ ನಡುವೆ ಹಿಡಿದು, ದನಿ ತಗ್ಗಿಸಿ, “ನಾನು ನಿಮ್ಮನ್ನು ನೋಡಲಿಲ್ಲ ಅಕ್ಕ. ಯಾರ ಹತ್ತಿರವೂ ಹೇಳುವುದಿಲ್ಲ. ನೀವು ಆ ಕಡೆಯಿಂದ ಹೋಗಿ, ಈ ಕಡೆ ಬಂಟ್ವಾಳದವರು ಇಬ್ಬರು ಇದ್ದಾರೆ” ಎಂದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಮ್ಮ ಮಾತ್ರ ಮೆಣಸಿನ ಕಟ್ಟು ಹಿಡಿದುಕೊಂಡು ಬಿರಬಿರನೆ ಹೊರಟಳು. ಗದ್ದೆಗಳ ನಡುವಿನ ಹುಣಿಯ ಮೇಲೆ ನನ್ನ ಮುಂದೆ ನಡೆಯುತ್ತಿದ್ದವಳು ಒಮ್ಮೆಲೇ ನಿಂತು, ತಿರುಗಿ ನೋಡದೆ ಹೇಳಿದಳು.

“ಆ ಮನುಷ್ಯ ನಮ್ಮ ಜಗಲಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಟ್ಟರು. ಈಗ ಅವರ ಬಾಯಲ್ಲೂ ನಾವು ಸುಳ್ಳು ಹೇಳಿಸಬೇಕಾ? ಸಾಕು ಮಗಾ. ನಾಳೆ ಮನೆಗೆ ಹೋಗುವ.”

“ಕಣ್ಣು ಪೂರ್ತಿ ಗುಣ ಆಗಲಿಲ್ಲವಲ್ಲ ಅಮ್ಮ.”

“ಆದಷ್ಟು ಸಾಕು.”

ನೇರ ದಾರಿಯ ಬಸ್ಸಿನಲ್ಲೇ ಹೋದೆವು. ನಡುಮಧ್ಯಾಹ್ನ ಬಂಟ್ವಾಳ ಪೇಟೆಯಲ್ಲಿ ಇಳಿದಾಗ ಕಂಡಕ್ಟರು ಬಸ್ಸಿನ ಮೇಲಿಂದ ಟ್ರಂಕನ್ನು ಇಳಿಸಿದ. ಮುಚ್ಚಳದ ಅಕ್ಷರಗಳು ಹೊಚ್ಚ ಹೊಸದಾಗಿಯೇ ಇದ್ದವು. ಕೂಲಿಯಾಳು ಅದನ್ನು ತಲೆಯ ಮೇಲೆ ಹೊತ್ತುಕೊಂಡು, “ಸಿಂಗಾಪುರದವರು ಬಂದರು, ದಾರಿ ಬಿಡಿ” ಎಂದು ಕೂಗುತ್ತ ಮುಂದೆ ನಡೆದ. ನಾನು ತಲೆ ತಗ್ಗಿಸಿಕೊಂಡು ಅವನ ಹಿಂದೆ ಹೋದೆ. ಅಂಗಡಿಗಳಿಂದ ಜನ ಇಣುಕಿದರು. ಪಕ್ಕದ ಮನೆಯಾಕೆ ನಮಗಿಂತ ಮೊದಲೇ ನಮ್ಮ ಜಗಲಿಯಲ್ಲಿದ್ದಳು. “ಇಷ್ಟು ಬೇಗ ಬಂದಿರಾ? ಮಗು ಹೇಗುಂಟು? ಯಾರ ಹಾಗೆ?” ಎಂದು ಕೇಳಿದಳು.

ದಾರಿಯುದ್ದಕ್ಕೂ ನಿಜ ಹೇಳುವುದೆಂದು ಗಟ್ಟಿ ಮಾಡಿಕೊಂಡು ಬಂದಿದ್ದ ಅಮ್ಮನಿಗೆ ಆಗ ಬಾಯಿ ಕಟ್ಟಿತು. ಬಾಗಿಲ ಬೀಗವನ್ನೇ ನೋಡುತ್ತ ನಿಂತಳು. ಕೊನೆಗೆ, “ಮಗುವನ್ನು ನಾನು ನೋಡಲಿಲ್ಲ” ಎಂದಷ್ಟೇ ಹೇಳಿ, ಬೀಗ ತೆಗೆದು ಒಳಗೆ ಹೋದಳು. ಉಳಿದದ್ದನ್ನು ಜನ ತಾವೇ ಕಟ್ಟಿಕೊಂಡರು.

ಕಟ್ಟಿಕೊಂಡದ್ದು ನಿಜಕ್ಕಿಂತ ಕೆಟ್ಟದ್ದೇ ಆಗಿತ್ತು. ಹುಡುಗಿಗೆ ದೊಡ್ಡ ರೋಗವಂತೆ, ಹಡಗಿನಿಂದ ಇಳಿಸಿದರಂತೆ, ಎಲ್ಲಿಯೋ ಅಡಗಿಸಿ ಇಟ್ಟಿದ್ದರಂತೆ. ನಾವು ಅಡಗಿದ್ದಕ್ಕೇ ಆ ಮಾತಿಗೆ ಬಲ ಬಂತು. ಶಾಲೆಗೆ ಹಿಂತಿರುಗುವ ಮೊದಲು ಡಾಕ್ಟರ ಸರ್ಟಿಫಿಕೇಟು ತರಬೇಕೆಂದು ಹೆಡ್‌ಮಾಸ್ತರರು ಹೇಳಿಕಳಿಸಿದರು. ಕಣ್ಣು ಗುಣವಾಗಿ, ಅದನ್ನು ತಂದುಕೊಟ್ಟ ದಿನ ಒಂದು ಹುಡುಗಿ ಎದ್ದು ನಿಂತು, “ಟೀಚರ್, ಆ ಬಸ್ಸು ನೋಡಿದಿರಾ, ತಂತಿಯ ಬಸ್ಸು?” ಎಂದು ಕೇಳಿದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲವೋ ಏನೋ. “ಇಲ್ಲ ಮಗೂ” ಎಂದು ಹೇಳಿ ನಾನು ಹಲಗೆಯ ಕಡೆಗೆ ತಿರುಗಿ, ಬರೆಯಲು ಏನೂ ಇಲ್ಲದೆ, ಹಲಗೆಯನ್ನೇ ಒರೆಸುತ್ತ ನಿಂತೆ.

ಮೂಡಬಿದ್ರೆಯವರು ಬೇಡ ಎಂದು ಹೇಳಲಿಲ್ಲ, ಸುಮ್ಮನಾದರು. ಆ ಮಾಸ್ತರರಿಗೆ ಬೇರೆ ಕಡೆ ಮದುವೆಯಾಯಿತೆಂದು ಯಾರೋ ಹೇಳಿ ಗೊತ್ತಾಯಿತು. ಅಪ್ಪ ಅದರ ನಂತರ ಸಂಜೆ ಪೇಟೆಯ ಕಟ್ಟೆಯಲ್ಲಿ ಕೂರುವುದನ್ನು ಬಿಟ್ಟರು. ಕಚೇರಿಯಿಂದ ನೇರ ಮನೆಗೆ ಬಂದು, ಅಂಗಿ ಬಿಚ್ಚಿ, ಬಾವಿಕಟ್ಟೆಯ ಹತ್ತಿರ ಸುಮ್ಮನೆ ಕುಳಿತಿರುತ್ತಿದ್ದರು. ಅವರನ್ನು ಹಾಗೆ ನೋಡುವುದು ಊರಿನವರ ಮಾತಿಗಿಂತ ನನಗೆ ಕಷ್ಟವಾಗುತ್ತಿತ್ತು. ನನಗೆ ವಿಟ್ಲದ ಕಡೆಯ ಸಂಬಂಧ ಕೂಡಿ ಬಂದದ್ದು ಕೆಲವು ವರ್ಷಗಳ ಮೇಲೆ. ಗಂಡಿನ ಕಡೆಯವರ ಎದುರಿಗೆ ಅಮ್ಮ ಎಲ್ಲಕ್ಕಿಂತ ಮೊದಲು ನನ್ನ ಕಣ್ಣಿನ ವಿಷಯವನ್ನೇ ಹೇಳಿದಳು. ಅದು ಇರಲಿ.

ಅದಕ್ಕೂ ಮೊದಲೇ, ಮಗು ಓಡಾಡುವಷ್ಟು ದೊಡ್ಡದಾದಾಗ, ಚಿಕ್ಕಮ್ಮ ಊರಿಗೆ ಬಂದಳು. ಅವಳಿಗೆ ನಮ್ಮ ಮೇಲೆ ಸಿಟ್ಟಿದ್ದೀತು ಎಂದು ನಾನು ಹೆದರಿದ್ದೆ. ಒಂದು ಮಧ್ಯಾಹ್ನ ಮೂವರೂ ಅಂಗಳದಲ್ಲಿ ಹುಣಸೆ ಬಿಡಿಸುತ್ತ ಕುಳಿತಿದ್ದೆವು. ಅಮ್ಮ, “ನಿನ್ನ ಬಾಣಂತನಕ್ಕೆ ನಾನು ಬರಲಿಲ್ಲವಲ್ಲ” ಎಂದು ಆ ಮಾತನ್ನು ಮತ್ತೆ ತೆಗೆದಳು. ಚಿಕ್ಕಮ್ಮ ಕೈಯಲ್ಲಿದ್ದ ಹುಣಸೆಯನ್ನು ಕೆಳಗಿಟ್ಟು ಹೇಳಿದಳು.

“ಅಕ್ಕ, ನಿನ್ನ ಹತ್ತಿರ ಹೇಳ್ತೇನೆ. ನೀವು ಬರುವುದಿಲ್ಲ ಅಂತ ತಂತಿ ಬಂದಾಗ ನನಗೆ ಅಳು ಬಂತು. ಆದರೆ ಅದರ ಜೊತೆಗೇ ಒಂದು ಸಮಾಧಾನವೂ ಆಯ್ತು. ನಮಗೆ ಅಲ್ಲಿ ಇರುವುದು ಒಂದೇ ಕೋಣೆ. ಅಂಗಡಿಯ ಮೇಲೆ, ಹಲಗೆಯಲ್ಲಿ ಅಡ್ಡ ಮಾಡಿದ್ದು. ಆಚೆ ಬದಿಯಲ್ಲಿ ಬೇರೆ ಸಂಸಾರ. ಕಾಗದದಲ್ಲಿ ದೊಡ್ಡ ದೊಡ್ಡ ಕಟ್ಟಡ, ಲೈಟು ಅಂತೆಲ್ಲ ಬರೆದಿದ್ದೆ. ನೀವು ಬಂದರೆ ಎಲ್ಲಿ ಮಲಗಿಸುವುದು, ಏನು ಮುಖ ತೋರಿಸುವುದು ಅಂತ ಇವರಿಗೂ ನನಗೂ ಅದೇ ಚಿಂತೆ.”

“ನೆಲದಲ್ಲಿ ಮಲಗ್ತಿದ್ದೆವು ಮಾರಾಯ್ತಿ. ಇಲ್ಲಿ ಮತ್ತೆ ಎಲ್ಲಿ ಮಲಗುವುದು ನಾವು?” ಎಂದಳು ಅಮ್ಮ. ಅಷ್ಟು ಹೇಳಿ ತಂಗಿಯ ಮೊಣಕಾಲಿನ ಮೇಲೆ ಕೈ ಇಟ್ಟಳು. ನಾನು ಹುಣಸೆಯ ಬೀಜ ಹೆಕ್ಕುವ ನೆಪದಲ್ಲಿ ತಲೆ ತಗ್ಗಿಸಿದೆ. ಚಿಕ್ಕಮ್ಮನ ನಾಚಿಕೆಯನ್ನು ನೋಡಿದರೆ ನನ್ನದು ಕಡಿಮೆಯಾಗಬೇಕಿತ್ತಲ್ಲ, ಆಗಲಿಲ್ಲ.

ಚಿಕ್ಕಮ್ಮ ವಾಪಸು ಹೊರಟ ದಿನ ಅವಳನ್ನು ಬಸ್ಸು ಹತ್ತಿಸಲು ಬೀದಿಯವರೆಲ್ಲ ಬಂದಿದ್ದರು. ಹಾರ ಗೀರ ಏನೂ ಇರಲಿಲ್ಲ. ಮಗುವನ್ನು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಳ್ಳುತ್ತಿದ್ದರು. ಆಗ ಒಬ್ಬ ಹೆಂಗಸು, ಬೇಕೆಂದೇ ಕೇಳಿದಳೋ ಸುಮ್ಮನೆ ಕೇಳಿದಳೋ ಗೊತ್ತಿಲ್ಲ, “ನೀವು ಒಮ್ಮೆ ಹೋಗುವುದಿಲ್ಲವಾ ಅಕ್ಕ ಸಿಂಗಾಪುರಕ್ಕೆ?” ಎಂದಳು. ಸುತ್ತ ಇದ್ದವರೆಲ್ಲ ಅಮ್ಮನ ಕಡೆಗೆ ತಿರುಗಿದರು.

“ಹೊರಟಿದ್ದೆವು” ಎಂದಳು ಅಮ್ಮ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. “ಮದ್ರಾಸಿನ ತನಕ ಹೋದೆವು. ಮಗಳ ಕಣ್ಣು ಸರಿಯಿಲ್ಲ ಅಂತ ಬಿಡಲಿಲ್ಲ. ನಾಚಿಕೆಯಾಯ್ತು, ಬೆಳ್ತಂಗಡಿಯಲ್ಲಿ ಅಣ್ಣನ ಮನೆಯಲ್ಲಿ ಕೂತಿದ್ದೆವು. ಈಗ ಕಣ್ಣು ಗುಣ ಆಗಿದೆ.”

ಆ ಹೆಂಗಸು, “ಹೌದಾ, ಒಳ್ಳೆಯದಾಯ್ತು” ಎಂದಳು. ಬೇರೆ ಏನು ಹೇಳುವುದಕ್ಕಿತ್ತು? ಬಸ್ಸು ಹೊರಟಿತು, ಜನ ಚದುರಿದರು. ಅಪ್ಪ ಅಮ್ಮನ ಪಕ್ಕದಲ್ಲಿ ನಡೆದು ಬರುತ್ತಿದ್ದರು. ನಾನು ಅವರಿಬ್ಬರಿಂದ ಸ್ವಲ್ಪ ಹಿಂದೆ ಉಳಿದೆ. ಎಲ್ಲರೆದುರು ನನ್ನ ಕಣ್ಣಿನ ಹೆಸರೆತ್ತಿದಳಲ್ಲ ಎಂದು ನನ್ನ ಕಿವಿ ಬಿಸಿಯಾಗಿತ್ತು. ಮನೆ ಸೇರುವ ತನಕ ತಲೆಯೆತ್ತಿ ನಡೆಯುವುದು ನನ್ನಿಂದಾಗಲಿಲ್ಲ.